ಬೆಳಗಾದ ಮೇಲಿನ ಸೀರೆ

ಇಂಗ್ಲಿಷರ ವಿರುದ್ಧ ಸುರಪುರ ಎದ್ದುನಿಂತ 1858ರ ಕಥೆಯನ್ನು ನಾಟಕವಾಗಿಯೋ ಮೆರವಣಿಗೆಯ ರೂಪಕವಾಗಿಯೋ ಆಡಿಸಲು ಹೊರಟವರಿಗೆ ರಾಜಾ ವೆಂಕಟಪ್ಪ ನಾಯಕನ ಪಾತ್ರಕ್ಕೆ ಜನ ಹುಡುಕುವ ಕಷ್ಟವಿಲ್ಲ. ಕತ್ತಿ, ಪೇಟ, ಕುದುರೆ, ಇಂಗ್ಲಿಷರೆದುರು ನಾಲ್ಕು ಬಿರುಸಿನ ಮಾತು ಇರುವ ಪಾತ್ರಕ್ಕೆ ಓಣಿಗೊಬ್ಬ ಸಿಗುತ್ತಾನೆ. ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಪಾತ್ರಕ್ಕೂ ಯಾರಾದರೂ ಬೆಳ್ಳಗಿನವರು ಸಿಕ್ಕಾರು. ಒಂದು ಹ್ಯಾಟು, ಒಂದು ಕೋಟು ಸಾಕು. ತಾಲೀಮು ತೊಡರಿಕೊಳ್ಳುವುದು ರಾಣಿ ಈಶ್ವರಮ್ಮನ ಹತ್ತಿರ ಬಂದಾಗ. ವೆಂಕಟಪ್ಪನ ತಾಯಿ ಆಕೆ. ಮಗ ಚಿಕ್ಕವನಿದ್ದಾಗ ಸಂಸ್ಥಾನದ ಅಧಿಕಾರಕ್ಕಾಗಿ ಟೇಲರ್‌ನೊಂದಿಗೆ ಜಿದ್ದಿಗೆ ಬಿದ್ದವಳು. ಆಕೆಯಿಲ್ಲದೆ ಕಥೆ ಅರ್ಧವಾಗುತ್ತದೆ.

ಈ ಪಾತ್ರಕ್ಕೆ ಒಬ್ಬ ಗಂಡಸು ತಾನಾಗಿ ಮುಂದೆ ಬಂದ ಎನ್ನಿ. ನಗಿಸಲಿಕ್ಕಲ್ಲ, ಹೆಣ್ಣುಮಕ್ಕಳು ಸಿಗಲಿಲ್ಲವೆಂದೂ ಅಲ್ಲ. ಆಸೆಯಿದೆ, ಅದಕ್ಕೇ ಕೇಳುತ್ತಿದ್ದೇನೆ ಎಂದ. ಇಳಕಲ್ ಸೀರೆಯುಟ್ಟು, ನತ್ತು ಇಟ್ಟು, ಬೆಳಗಿನ ಮೆರವಣಿಗೆಯಿಂದ ಸಂಜೆಯ ಊಟದವರೆಗೂ ರಾಣಿಯಾಗಿಯೇ ಇರುತ್ತೇನೆ, ನಡುವೆ ವೇಷ ಕಳಚುವುದಿಲ್ಲ ಎಂದ. ಸಂಘಟಕರು ಏನು ಹೇಳಬೇಕು?

ಹೂಂ ಅನ್ನಬೇಕು ಎಂಬುದು ನನ್ನ ವಾದ. ಆದರೆ ಇಂಥಲ್ಲಿ ಹೂಂ ಅನ್ನುವವರು ಸಾಮಾನ್ಯವಾಗಿ ಕೊಡುವ ಕಾರಣವನ್ನು ನಾನು ಒಪ್ಪುವುದಿಲ್ಲ. ‘ಇದೇನು ಹೊಸದೇ? ನಮ್ಮ ಪರಂಪರೆಯಲ್ಲೇ ಇದೆಯಲ್ಲ’ ಎನ್ನುತ್ತಾರೆ ಅವರು. ಉದಾರವಾಗಿ ಕೇಳಿಸುವ ಈ ಮಾತೇ ಆ ಮನುಷ್ಯನ ಕುತ್ತಿಗೆಗೆ ಉರುಳಾಗುತ್ತದೆ.

ಪರಂಪರೆಯಲ್ಲಿ ಇದೆ ಎಂಬುದೇನೋ ಖರೆ. ಸಗರನಾಡಿನ ಊರುಗಳಲ್ಲಿ ಅಗಸಿ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಮಾತಿಗೆಳೆದರೆ, ದೊಡ್ಡಾಟದಲ್ಲಿ ಹೆಣ್ಣಿನ ಪಾರ್ಟು ಹಾಕುತ್ತಿದ್ದವರ ಒಂದೆರಡು ಹೆಸರು ಬಂದೇ ಬರುತ್ತವೆ. ಹಗಲು ಎಳೆಬಿಸಿಲಲ್ಲಿ ರೆಂಟೆ ಹೊಡೆದವನು ರಾತ್ರಿ ಮೀಸೆ ಬೋಳಿಸಿ, ಚೌರಿ ಕಟ್ಟಿ, ಕುಬಸ ತೊಟ್ಟು ದ್ರೌಪದಿಯಾಗಿ ನಿಂತರೆ ಮುಂದೆ ಕುಳಿತ ಹೆಂಗಸರೇ ‘ಥೇಟ್ ಹೆಣ್ಮಗಳೇ ನೋಡವ್ವ, ನಮಗಾದ್ರೂ ಹಿಂಗ ನಡಿಯಾಕ ಬರೂದಿಲ್ಲ’ ಅನ್ನುತ್ತಿದ್ದರು. ಹಗಲುವೇಷದವರ ತಂಡಗಳಲ್ಲಿ ಸೀತೆಯೂ ಗಂಡಸೇ, ಶೂರ್ಪನಖಿಯೂ ಗಂಡಸೇ. ಅವರಿಗೆ ಕತ್ತಲೆಯ ಮರೆಯೂ ಇಲ್ಲ, ರಂಗದ ಪರದೆಯೂ ಇಲ್ಲ, ಊರ ಬೀದಿಯೇ ರಂಗ. ಹೋಳಿ ಹುಣ್ಣಿಮೆಗೆ ಕಾಮನಿಗಾಗಿ ಅಳುವ ರತಿಯಾಗಿ ಸೀರೆ ಸುತ್ತಿಕೊಂಡ ಹುಡುಗರು, ಬಾಗಲಕೋಟೆಯ ಸೋಗಿನ ಬಂಡಿಗಳ ಮೇಲೆ ನಿಲ್ಲುವ ವೇಷಗಾರರು, ಮೊಹರಂ ಅಲಾಯಿಯ ಸುತ್ತ ಹರಕೆಯ ವೇಷ ತೊಟ್ಟು ಕುಣಿಯುವವರು, ಇವರೆಲ್ಲ ನಮಗೆ ಪರಕೀಯರಲ್ಲ.

ಕಂಪನಿ ನಾಟಕದ ಕಾಲದಲ್ಲಂತೂ ಸ್ತ್ರೀಪಾರ್ಟು ಎಂಬುದು ಒಂದು ದೊಡ್ಡ ವಿದ್ಯೆ. ಮರಾಠಿಯ ಬಾಲಗಂಧರ್ವರು 1913ರಲ್ಲಿ ಸ್ವಂತ ಮಂಡಳಿ ಕಟ್ಟಿದ ಮೇಲೆ ಅವರು ಉಡುವ ಸೀರೆ, ಮುಡಿಯುವ ರೀತಿಯನ್ನು ನೋಡಿ ದೊಡ್ಡ ಮನೆತನದ ಹೆಣ್ಣುಮಕ್ಕಳು ಅನುಕರಿಸಿದರು. ಹೆಣ್ಣಾಗಿ ಹುಟ್ಟಿದವರಿಗೆ ಹೆಣ್ಣಿನ ಠೀವಿ ಕಲಿಸಿದವರು ಒಬ್ಬ ಗಂಡಸು! ಅವರ ನೆರಳು ಉತ್ತರ ಕರ್ನಾಟಕದ ಕಂಪನಿಗಳ ಮೇಲೂ ಚೆನ್ನಾಗಿಯೇ ಬಿದ್ದಿತ್ತು. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಹರೆಯದಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾದವರು. ಮುಂದೆ ಅದೇ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ನಿಂತಾಗ ಜನ ಕಾಲಿಗೆ ಬಿದ್ದರು. ಸೀರೆ ಉಟ್ಟಿದ್ದ ಮೈಯೇ ಜನರ ಕಣ್ಣಲ್ಲಿ ಬಸವಣ್ಣನಾಗಲು ಯಾವ ಅಡ್ಡಿಯೂ ಬರಲಿಲ್ಲ. 103 ವರ್ಷ ಬದುಕಿ 2017ರಲ್ಲಿ ತೀರಿಕೊಂಡ ಅವರ ಬಗ್ಗೆ ‘ಹೆಣ್ಣು ವೇಷ ಹಾಕುತ್ತಿದ್ದವನು’ ಎಂದು ಯಾರೂ ಕೊಂಕು ನುಡಿದದ್ದನ್ನು ನಾನು ಕೇಳಿಲ್ಲ.

ಇಷ್ಟು ಹೇಳಿ ಮುಗಿಸಿದರೆ ನಮ್ಮ ಬೆನ್ನನ್ನು ನಾವೇ ಚಪ್ಪರಿಸಿಕೊಂಡಂತೆ. ಗಂಡಸರು ಯಾಕೆ ಹೆಣ್ಣಿನ ಪಾರ್ಟು ಹಾಕಿದರು? ಹೆಂಗಸರನ್ನು ರಂಗದ ಹತ್ತಿರ ಸೇರಿಸಲಿಲ್ಲ, ಅದಕ್ಕೆ. ಆ ಮೇಲೆ ಹೆಂಗಸರು ಬಂದಾಗ ಏನಾಯಿತು? ದ್ರೌಪದಿಯ ಸೀರೆಯುಟ್ಟ ಗಂಡಸು ‘ಕಲಾವಿದ’ನಾದ, ಅದೇ ಸೀರೆಯನ್ನು ಹೊಟ್ಟೆಪಾಡಿಗಾಗಿ ಉಟ್ಟ ಹೆಣ್ಣುಮಗಳಿಗೆ ಬೇರೆಯೇ ಹೆಸರು ಬಂತು. ಇವತ್ತಿಗೂ ನಮ್ಮ ಕಡೆಯ ಜಾತ್ರೆಯ ನಾಟಕಗಳಿಗೆ ಬೇರೆ ಊರುಗಳಿಂದ ಕಲಾವಿದೆಯರು ಬರುತ್ತಾರೆ. ಮುಂಗಡ ಕೊಟ್ಟು ಕರೆಸುತ್ತಾರೆ, ರಂಗದ ಮೇಲೆ ಆಯೇರಿ ಮಾಡುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅದೇ ಹೆಣ್ಣುಮಗಳ ಬಗ್ಗೆ ಆಡುವ ಮಾತು ಬರೆಯುವಂಥದ್ದಲ್ಲ. ಹೀಗಾಗಿ, ಸ್ತ್ರೀಪಾರ್ಟಿನವರಿಗೆ ಸಿಕ್ಕ ಮರ್ಯಾದೆಯನ್ನು ನಮ್ಮ ಸಮಾಜದ ವಿಶಾಲ ಮನಸ್ಸಿಗೆ ಪುರಾವೆ ಎಂದು ತೋರಿಸುವವರು ಅದರ ಬೆಲೆಯನ್ನು ಯಾರು ಕಟ್ಟಿದರು ಎಂಬುದನ್ನು ಮುಚ್ಚಿಡುತ್ತಾರೆ.

ಅಷ್ಟೇ ಅಲ್ಲ, ಆ ಮರ್ಯಾದೆಗೆ ಇನ್ನೊಂದು ಕರಾರು ಇತ್ತು. ಬೆಳಗಾಗುವಷ್ಟರಲ್ಲಿ ಸೀರೆ ಗಂಟು ಕಟ್ಟಿ ಇಡಬೇಕು. ಮಂಗಳಾರತಿ ಮುಗಿದು ಪೇಟಿ ಮಾಸ್ತರರು ಪೇಟಿ ಮುಚ್ಚಿದ ಮೇಲೂ ನಡಿಗೆಯಲ್ಲಿ ಸ್ವಲ್ಪ ವಯ್ಯಾರ ಉಳಿದರೆ, ಕಣ್ಣಿನ ಕಾಡಿಗೆ ಒರೆಸುವುದು ತಡವಾದರೆ, ನಗೆ ಶುರು. ರಾತ್ರಿ ‘ಥೇಟ್ ಹೆಣ್ಮಗಳು’ ಎಂದ ಬಾಯಿಯೇ ಮುಂಜಾನೆ ‘ಇವನಿಗೇನೋ ಐತಿ’ ಅನ್ನುತ್ತದೆ. ಮದುವೆ ಮಾಡಿ, ಮಕ್ಕಳು ಹುಟ್ಟಿ, ಹೊಲ ಮಾಡಿ ತೋರಿಸಿದವನಿಗೆ ಮಾತ್ರ ಹೆಣ್ಣಿನ ಪಾರ್ಟು ನಿರಾತಂಕ. ಅಂದರೆ ಊರು ಮೆಚ್ಚಿದ್ದು ಹೆಣ್ಣಾಗುವುದನ್ನಲ್ಲ. ಹೆಣ್ಣಾಗಿ ಮರಳಿ ಗಂಡಸಾಗುವ ಚಳಕವನ್ನು. ಪರಂಪರೆಯ ಹೆಸರಲ್ಲಿ ಅನುಮತಿ ಕೊಟ್ಟರೆ ಈ ಕರಾರೂ ಜತೆಗೇ ಬರುತ್ತದೆ. ಸಂಜೆಯ ಊಟದವರೆಗೂ ರಾಣಿಯಾಗಿರುತ್ತೇನೆ ಎಂದವನಿಗೆ ಆ ಅನುಮತಿಯಿಂದ ಉಪಯೋಗವಿಲ್ಲ.

ಕರಾರು ಮುರಿದವರಿಗೆ ಏನು ಕಾದಿತ್ತು ಎಂಬುದನ್ನು ಕಾನೂನಿನ ಪುಸ್ತಕವೇ ಹೇಳುತ್ತದೆ. ಸುರಪುರ ಸಂಸ್ಥಾನ 1860ರಲ್ಲಿ ನಿಜಾಮರ ಕೈಗೆ ಹೋಯಿತು. ಯಾದಗಿರಿ, ಶಹಾಪುರ ಮೊದಲೇ ಅವರವು. ಆ ಹೈದರಾಬಾದ್ ಸಂಸ್ಥಾನ ಫಸಲಿ 1329ರಲ್ಲಿ, ಎಂದರೆ 1919ರ ಸುಮಾರಿಗೆ, ಖೋಜಾಗಳ ಮೇಲೆ ಒಂದು ಕಾಯ್ದೆ ತಂದಿತು. ಸಂಶಯಕ್ಕೆ ಒಳಗಾದವರ ಹೆಸರು, ವಿಳಾಸವನ್ನು ಸರಕಾರ ದಾಖಲೆಯಲ್ಲಿ ಬರೆದಿಡಬೇಕು. ಹಾಗೆ ಹೆಸರು ಬರೆಸಿಕೊಂಡವರು ಹೆಣ್ಣುಡುಗೆಯಲ್ಲಿ ಅಥವಾ ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ, ಬೀದಿಯಲ್ಲಿ ಹಾಡಿದರೆ, ಕುಣಿದರೆ ವಾರಂಟಿಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಸಜೆ ಕೊಡಬಹುದು. ಬ್ರಿಟಿಷರು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗದಿಂದ ಬಂದ ಮಾತುಗಳಿವು. ಬಾಲಗಂಧರ್ವರ ಸೀರೆಯನ್ನು ಸಿರಿವಂತರ ಮನೆಯ ಹೆಣ್ಣುಮಕ್ಕಳು ಕಣ್ಣರಳಿಸಿ ನೋಡುತ್ತಿದ್ದ ವರ್ಷಗಳೂ, ಬೀದಿಯಲ್ಲಿ ಸೀರೆಯುಟ್ಟವರಿಗೆ ಜೈಲು ಎಂದು ಬರೆದ ವರ್ಷಗಳೂ ಒಂದೇ. ತೆಲಂಗಾಣ ಹೈಕೋರ್ಟು ಈ ಕಾಯ್ದೆಯನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿದ್ದು 2023ರ ಜುಲೈನಲ್ಲಿ. ನೂರು ವರ್ಷ ಅದು ಪುಸ್ತಕದಲ್ಲಿ ಉಳಿದಿತ್ತು. ನಾವಾದರೂ ಮೇಲೇನಲ್ಲ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಮಿನಲ್ಲಿ ಅದೇ ಹಳೆಯ ದಾಖಲೆ ಪುಸ್ತಕದ ಯೋಚನೆ ಮತ್ತೆ ತಲೆಯೆತ್ತಿತು. ಅದನ್ನು ಬದಲಾಯಿಸಲು ಮಂಗಳಮುಖಿ ಸಮುದಾಯದವರೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಇಲ್ಲಿ ಒಂದು ಎಚ್ಚರ ಬೇಕು. ಜೋಗಪ್ಪ, ಮಂಗಳಮುಖಿ, ದೊಡ್ಡಾಟದ ಹೆಣ್ಣಿನ ಪಾರ್ಟಿನವ, ಒಂದು ದಿನ ರಾಣಿಯಾಗಬೇಕೆಂದು ಬಯಸಿದ ನಮ್ಮ ಮನುಷ್ಯ ಇವರೆಲ್ಲ ಒಂದೇ ಅಲ್ಲ. ತನ್ನನ್ನು ಹೆಣ್ಣೆಂದೇ ಬಲ್ಲವರ ಬದುಕು ವೇಷವಲ್ಲ. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಹೇಳಿದ್ದು ಅದನ್ನೇ. ನಮ್ಮ ಮನುಷ್ಯನಾದರೋ ಸೋಮವಾರ ಪ್ಯಾಂಟು ಹಾಕಿಕೊಂಡು ಕಚೇರಿಗೆ ಹೋಗುವವನು. ಸೀರೆಯಲ್ಲಿ ತನಗೊಂದು ಸಮಾಧಾನವಿದೆ ಎಂದು ಬಲ್ಲವನು, ಅದಕ್ಕಿಂತ ಹೆಚ್ಚು ಏನನ್ನೂ ಹೇಳಿಕೊಳ್ಳದವನು. ಇವರ ನಡುವಿನ ವ್ಯತ್ಯಾಸ ದೊಡ್ಡದು, ಆದರೆ ಬೀದಿಯ ನಗೆಗೆ ಅದು ಗೊತ್ತಿಲ್ಲ. ಎಲ್ಲರಿಗೂ ಒಂದೇ ಬೈಗುಳ.

ಎಲ್ಲರ ಮುಂದೆಯೂ ಅದು ಇಡುವ ಪ್ರಶ್ನೆಯೂ ಒಂದೇ: ಯಾಕೆ ಉಟ್ಟೆ? ಎಲ್ಲಮ್ಮ ಕಾಡಿದಳು, ಅದಕ್ಕೆ ಎಂದರೆ ಕೈ ಮುಗಿಯುತ್ತೇವೆ. ಕಲೆಗಾಗಿ ಎಂದರೆ ಚಪ್ಪಾಳೆ. ಹೊಟ್ಟೆಗಾಗಿ ಎಂದರೆ ಹತ್ತು ರೂಪಾಯಿ ಕೊಟ್ಟು ಮುಖ ತಿರುಗಿಸುತ್ತೇವೆ. ಹಬ್ಬಕ್ಕಾಗಿ ಎಂದರೆ ಜತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾಡು ಹೆಮ್ಮೆಪಟ್ಟಿತು, ಪಡಬೇಕಾದದ್ದೇ. ಆದರೆ ಅವರು ಆ ಕುರ್ಚಿಗೆ ಬರಲು ದೇವಿಯ ಕೊಡವನ್ನೂ ಹೊರಬೇಕಾಯಿತು, ಅಸಾಧಾರಣ ಕಲಾವಿದೆಯೂ ಆಗಬೇಕಾಯಿತು. ಅಷ್ಟು ಪ್ರತಿಭೆಯಿಲ್ಲದ, ದೇವಿ ಮೈಮೇಲೆ ಬಾರದ ಸಾಧಾರಣ ಮನುಷ್ಯನಿಗೆ ನಮ್ಮ ಮರ್ಯಾದೆಯಲ್ಲಿ ಪಾಲು ಇಲ್ಲವೇ? ‘ನನಗೆ ಇಷ್ಟ, ಅದಕ್ಕೆ ಉಟ್ಟೆ’ ಎಂಬ ಉತ್ತರ ನಮ್ಮ ಪಟ್ಟಿಯಲ್ಲಿ ಇಲ್ಲ. ಇಷ್ಟ ಎಂಬುದು ಕಾರಣವಾಗಬಲ್ಲದು ಎಂದು ಒಪ್ಪದ ಸಮಾಜದಲ್ಲಿ ಇತಿಹಾಸದ ಮೆರವಣಿಗೆ ಅಂಥವನಿಗೆ ಸಿಗುವ ಒಂದು ಸಂದಿ. ಅವನು ಅಲ್ಲಿಗೆ ನೆಪ ಹುಡುಕಿಕೊಂಡು ಬಂದಿದ್ದಾನೆ ಎಂದು ಯಾರಾದರೂ ದೂರಿದರೆ, ಬಂದಿರಬಹುದು ಎನ್ನುತ್ತೇನೆ. ಕತ್ತಿ ತಿರುವುವ ಆಸೆಗೆ ವೆಂಕಟಪ್ಪನ ಪಾತ್ರ ಹಿಡಿದವನೂ ನೆಪ ಹುಡುಕಿಕೊಂಡೇ ಬಂದಿದ್ದಾನೆ.

ಇನ್ನು ಇತಿಹಾಸಕ್ಕೆ ಅಪಚಾರವಾಗುತ್ತದೆ ಎಂಬ ಮಾತು. ಗಂಡಸು ರಾಣಿಯಾದರೆ ಸತ್ಯಕ್ಕೆ ಕುಂದು ಎನ್ನುವವರು ಸುರಪುರದ ರಾಣಿಯನ್ನು ನಾವು ಎಲ್ಲಿಂದ ಪಡೆದೆವು ಎಂದು ಒಮ್ಮೆ ನೋಡಬೇಕು. ಟೇಲರ್ 1841ರಲ್ಲಿ ಸುರಪುರಕ್ಕೆ ಬಂದವನು 1853ರವರೆಗೆ ಆಡಳಿತ ನೋಡಿಕೊಂಡ. ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳು ಅವನ ಆತ್ಮಕಥೆಯನ್ನು ಪ್ರಕಟಿಸಿದಳು. ಈಶ್ವರಮ್ಮ ಹೇಗೆ ಮಾತಾಡುತ್ತಿದ್ದಳು, ಹೇಗೆ ಹಟ ಹಿಡಿಯುತ್ತಿದ್ದಳು, ಮಗನ ಜಾತಕದಲ್ಲಿದ್ದ ಅಲ್ಪಾಯುಷ್ಯದ ಗುಟ್ಟನ್ನು ಹೇಗೆ ಬಚ್ಚಿಟ್ಟುಕೊಂಡಿದ್ದಳು ಎಂದು ಇವತ್ತು ನಾಟಕ ಬರೆಯುವವರು ಹೆಚ್ಚಾಗಿ ಕೈ ಚಾಚುವುದು ಆ ಪುಸ್ತಕಕ್ಕೇ. ಆಕೆಯ ಎದುರಾಳಿ, ಪರದೇಶಿ, ಗಂಡಸು ಬರೆದದ್ದು ಅದು. ಆಕೆಯ ನಡತೆಯ ಬಗ್ಗೆ ಅವನು ಹೇಳಿದ್ದನ್ನು ಓದಿದರೆ ಹಗೆ ಯಾವುದು, ಕಂಡದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಕಾಗದದ ಮೇಲೆ ಈಶ್ವರಮ್ಮನ ಪಾರ್ಟು ಮಾಡಿದವನು ಟೇಲರ್. ನಾವು ಅದಕ್ಕೆ ಇತಿಹಾಸ ಎಂದು ಹೆಸರಿಟ್ಟೆವು. ಆಕೆಯನ್ನು ಪ್ರೀತಿಯಿಂದ, ಒಂದು ದಿನ ಪೂರ್ತಿ ಆಕೆಯ ಮೈಕಟ್ಟಿನಲ್ಲಿ ನಿಂತು ನೋಡುತ್ತೇನೆ ಎನ್ನುವ ಊರಿನವನಿಗೆ ಮಾತ್ರ ‘ನೀನು ಗಂಡಸು, ಆಗದು’ ಎನ್ನುವುದು ವಿಚಿತ್ರ.

ಸತ್ಯನಿಷ್ಠೆಯನ್ನು ನಾವು ಬೇರೆಲ್ಲೂ ಕೇಳುವುದಿಲ್ಲ ಎಂಬುದು ಇನ್ನೊಂದು. ವೆಂಕಟಪ್ಪ ನಾಯಕ ಗುಂಡೇಟಿನಿಂದ ಸತ್ತಾಗ ಅವನಿಗೆ ಇಪ್ಪತ್ನಾಲ್ಕರ ಆಸುಪಾಸು. ಆ ಪಾತ್ರವನ್ನು ಐವತ್ತು ದಾಟಿದ, ಹೊಟ್ಟೆ ಬಂದ ಮುಖಂಡರು ಮಾಡಿದರೆ ಯಾರೂ ತಕರಾರು ಮಾಡುವುದಿಲ್ಲ. ಪಾಲಿಯೆಸ್ಟರ್ ಶೇರವಾನಿ, ಪ್ಲಾಸ್ಟಿಕ್ ಕತ್ತಿ, ಡಿ.ಜೆ. ಸೌಂಡು, ಎಲ್ಲಕ್ಕೂ ಮಾಫಿ. ಲೆಕ್ಕ ಕೇಳುವುದು ಸೀರೆಯೊಳಗಿನ ಮೈಗೆ ಮಾತ್ರ.

ಅಮೆರಿಕದಲ್ಲಿ ಈ ವಾದ ಕೋರ್ಟಿಗೇ ಹೋಗಿತ್ತು, ದಿಕ್ಕು ಮಾತ್ರ ತಿರುಗುಮುರುಗು. ಅಲ್ಲಿ ಅಂತರ್ಯುದ್ಧದ ಕದನಗಳನ್ನು ಹಳೆಯ ರಣಭೂಮಿಗಳಲ್ಲೇ ಮತ್ತೆ ಆಡಿ ತೋರಿಸುವ ದೊಡ್ಡ ಹವ್ಯಾಸವಿದೆ. 1862ರಲ್ಲಿ ಕದನ ನಡೆದ ಆ್ಯಂಟೀಟಂನಲ್ಲಿ 1989ರಲ್ಲಿ ಇಂಥದೊಂದು ಕೂಟ ಸೇರಿದಾಗ ಲಾರೆನ್ ಕುಕ್ ಎಂಬಾಕೆ ಗಂಡು ಸೈನಿಕನ ಸಮವಸ್ತ್ರದಲ್ಲಿ ಬಂದಿದ್ದಳು. ಹೆಂಗಸರ ಶೌಚಾಲಯದಿಂದ ಹೊರಬರುವಾಗ ಸಿಕ್ಕಿಬಿದ್ದಳು. ಹೆಣ್ಣು ಸೈನಿಕಳಾದರೆ ಇತಿಹಾಸ ಕೆಡುತ್ತದೆ ಎಂದು ಆ ರಣಭೂಮಿಯ ಉದ್ಯಾನದವರು ಹೊರಹಾಕಿದರು. ಆಕೆ ದಾವೆ ಹೂಡಿ 1993ರಲ್ಲಿ ಗೆದ್ದಳು. ಆಮೇಲೆ ದಾಖಲೆಗಳನ್ನು ಜಾಲಾಡಿ, ಡಿಯಾನ್ ಬ್ಲಾಂಟನ್ ಜತೆ ಸೇರಿ 2002ರಲ್ಲಿ ಪುಸ್ತಕ ತಂದಳು: ಗಂಡುಡುಗೆಯಲ್ಲಿ ಮರೆಯಾಗಿ ಆ ಯುದ್ಧದಲ್ಲಿ ಕಾದಿದ ಸುಮಾರು 250 ಹೆಂಗಸರ ಸುಳಿವು ಅದರಲ್ಲಿದೆ. ಆ್ಯಂಟೀಟಂನಲ್ಲೂ ಅಂಥವರಿದ್ದರು. ಹೊರಹಾಕಿದವರಿಗಿಂತ ಇತಿಹಾಸಕ್ಕೆ ಹತ್ತಿರವಿದ್ದವಳು ಅವಳೇ. ನಮ್ಮ ಮನುಷ್ಯನ ವಿಷಯ ಅಷ್ಟು ಸಲೀಸಲ್ಲ ಎಂದು ಒಪ್ಪುತ್ತೇನೆ. ಸುರಪುರದ ಅರಮನೆಯಲ್ಲಿ ಸೀರೆಯುಟ್ಟ ಗಂಡಸು ರಾಣಿಯಾಗಿದ್ದನೆಂದು ಯಾವ ದಾಖಲೆಯೂ ಹೇಳುವುದಿಲ್ಲ, ಅವನಿಗೆ ಅಂಥ ಪುರಾವೆಯ ಆಸರೆ ಸಿಗಲಾರದು. ಆದರೆ ಪುರಾವೆಯ ಹೊರೆಯನ್ನು ಅವನೊಬ್ಬನ ಮೇಲೆಯೇ ಹೊರಿಸುವುದೇಕೆ ಎಂಬುದು ನನ್ನ ಪ್ರಶ್ನೆ.

ಗಟ್ಟಿಯಾದ ಆಕ್ಷೇಪ ಬರಬೇಕಾದದ್ದು ಹೆಂಗಸರಿಂದ, ಬಂದರೆ ಅದಕ್ಕೆ ತಲೆಬಾಗಬೇಕು. ‘ಇಷ್ಟು ವರ್ಷ ನಮ್ಮ ಪಾತ್ರವನ್ನು ನೀವೇ ಮಾಡಿದಿರಿ. ಈಗ ನಮಗೆ ರಂಗ ಸಿಕ್ಕಿರುವಾಗ, ಇರುವ ಒಂದು ರಾಣಿಯ ಪಾತ್ರವನ್ನೂ ಕಸಿಯುತ್ತೀರಾ?’ ಎಂದು ಅವರು ಕೇಳಿದರೆ, ಪರಂಪರೆ ಎಂಬ ಉತ್ತರ ಕೊಡುವ ಬಾಯಿ ಕಟ್ಟಿಹೋಗುತ್ತದೆ, ಯಾಕೆಂದರೆ ತಪ್ಪು ನಡೆದದ್ದೇ ಪರಂಪರೆಯಲ್ಲಿ. ಸಂಭಾವನೆಯ ನಾಟಕವಾಗಿದ್ದರೆ ಒಂದು ರಾತ್ರಿಯ ದುಡ್ಡಿನಿಂದ ಮನೆ ನಡೆಸುವ ಕಲಾವಿದೆಗೇ ಪಾತ್ರ ಹೋಗಬೇಕು, ಆಸೆಯವರು ಆಮೇಲೆ. ಊರ ಮೆರವಣಿಗೆಯಲ್ಲಿ ಹಾಗಲ್ಲ. ಅಲ್ಲಿ ರಾಣಿಯರು ಎಷ್ಟು ಜನ ಬೇಕಾದರೂ ನಡೆಯಬಹುದು, ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಜತೆಗೆ ಬಾಗಿಲು ಎರಡೂ ಕಡೆಗೆ ತೆರೆಯಬೇಕು. ಕಾಲೇಜಿನ ಹುಡುಗಿಯೊಬ್ಬಳು ವೆಂಕಟಪ್ಪ ನಾಯಕನ ಕುದುರೆ ಹತ್ತುತ್ತೇನೆ ಎಂದರೆ ಕೊಡಬೇಕು. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದೇ ಮಂಡಳಿ ಕಟ್ಟಿ ಕಂಸ, ರಾವಣ, ಭೀಮರಾಗಿ ಗರ್ಜಿಸಿದವರು. ಅವರ ಮೀಸೆಯನ್ನು ಕಂಡು ಯಾವ ಗಂಡಸೂ ತನ್ನ ಗಂಡಸುತನ ಕದ್ದುಹೋಯಿತೆಂದು ಠಾಣೆಗೆ ಹೋದದ್ದಿಲ್ಲ.

ಹೆಂಗಸರ ಆಕ್ಷೇಪಕ್ಕೆ ಇನ್ನೊಂದು ಮೂಲವಿದೆ: ನಗೆಪಾಟಲು. ಸೀರೆಯುಟ್ಟ ಗಂಡಸು ಎಂದರೆ ನಮ್ಮ ಟಿ.ವಿ. ಹಾಸ್ಯ ಕಾರ್ಯಕ್ರಮಗಳು ಒಂದೇ ಅಚ್ಚಿನಲ್ಲಿ ತೆಗೆದ ಗೊಂಬೆಗಳನ್ನು ತೋರಿಸುತ್ತವೆ. ತುರುಕಿದ ಎದೆ, ಕೀರಲು ದನಿ, ಸೊಂಟ ಬಳುಕಿಸಿ ಒಂದು ಪೆಟ್ಟು. ಅದು ಹೆಣ್ಣನ್ನೂ ಹೀಗಳೆಯುತ್ತದೆ, ಮಂಗಳಮುಖಿಯರನ್ನೂ ಹೀಗಳೆಯುತ್ತದೆ. ದೊಡ್ಡಾಟದ ಹಿರಿಯರು ಹೀಗೆ ಮಾಡಿದ್ದರೆ ಮಾಸ್ತರರು ಬೆತ್ತ ಎತ್ತುತ್ತಿದ್ದರು. ನಾನು ಮಾತಾಡುತ್ತಿರುವ ಮನುಷ್ಯ ಗೌರವದಿಂದ ಸೀರೆಯುಡಲು ಬಯಸಿದವನು. ಅವನ ವಿರುದ್ಧ ಆ ಗೊಂಬೆಗಳನ್ನು ಸಾಕ್ಷಿಗೆ ಕರೆಯಬಾರದು. ಮಕ್ಕಳ ಮೇಲೆ ಏನು ಪರಿಣಾಮವಾದೀತು ಎಂಬ ಆತಂಕಕ್ಕೆ ಹೆಚ್ಚು ಹೇಳಬೇಕಿಲ್ಲ. ಹಗಲುವೇಷ ನೋಡಿ ಬೆಳೆದ ತಲೆಮಾರುಗಳು ಕೆಟ್ಟಿಲ್ಲ.

ಇಂಥ ಚರ್ಚೆಯಲ್ಲಿ ಯಾರಾದರೂ ಜೇಡರ ದಾಸಿಮಯ್ಯನನ್ನು ಕರೆತರುತ್ತಾರೆ. ನಮ್ಮವನೇ, ಹಳೆಯ ಸುರಪುರ ತಾಲ್ಲೂಕಿನ ಮುದನೂರಿನವನು. ಮೈಮೇಲಿನ ಗುರುತುಗಳನ್ನು ನೋಡಿ ಹೆಣ್ಣು, ಗಂಡು ಎನ್ನುತ್ತೇವೆ, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಎಂಬ ಅರ್ಥದ ಅವನ ವಚನ ಬಸವ ಜಯಂತಿಯ ಭಾಷಣಗಳಲ್ಲಿ ಪ್ರತಿವರ್ಷ ಮೊಳಗುತ್ತದೆ. ಆ ಮಾತನ್ನು ಒಪ್ಪುವುದು ಸುಲಭ, ಆತ್ಮ ಕಣ್ಣಿಗೆ ಕಾಣುವುದಿಲ್ಲವಲ್ಲ. ಕಾಣುವುದು ಬಟ್ಟೆ. ಆತ್ಮಕ್ಕೆ ಲಿಂಗವಿಲ್ಲ ಎಂದು ವೇದಿಕೆಯಲ್ಲಿ ಹೇಳಿದ ಭಾಷಣಕಾರರೇ ಕೆಳಗಿಳಿದ ಮೇಲೆ ಸೀರೆಗೆ ಲಿಂಗವಿದೆ ಎಂದು ಸಾಧಿಸಬಲ್ಲರು. ದಾಸಿಮಯ್ಯ ನೇಕಾರ, ದಿನವೂ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ಬಟ್ಟೆ ನೇಯ್ದವನು. ಯಾರು ಉಡಬೇಕು ಎಂಬುದನ್ನು ನೂಲು ನಿರ್ಧರಿಸುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರು?

ಹಾಗಾದರೆ ಸಂಘಟಕರು ಮಾಡಬೇಕಾದದ್ದೇನು? ದೊಡ್ಡ ಘೋಷಣೆಗಳು ಬೇಡ. ‘ನಮ್ಮ ಮೆರವಣಿಗೆ ಎಲ್ಲರನ್ನೂ ಒಳಗೊಂಡಿದೆ’ ಎಂದು ಮೈಕಿನಲ್ಲಿ ಕೂಗಿ ಅವನನ್ನು ಎತ್ತಿ ತೋರಿಸಿದರೆ ಅದೂ ಒಂದು ಬಗೆಯ ಹಿಂಸೆಯೇ. ನಮ್ಮ ಕಡೆ ವೇಷ ಕಟ್ಟುವುದು ಶಾಲೆಯ ಕೋಣೆಯಲ್ಲಿ. ಗಂಡಸರಿಗೊಂದು, ಹೆಂಗಸರಿಗೊಂದು ಇರುವಲ್ಲಿ ಚಿಲಕವಿರುವ ಮೂರನೆಯದೊಂದು ಚಿಕ್ಕ ಕೋಣೆ ಬಿಡಿಸಿಕೊಡಬೇಕು. ಹೆಂಗಸರ ಕೋಣೆಗೆ ಅವನನ್ನು ಕಳಿಸಿ ಅವರನ್ನು ಮುಜುಗರಕ್ಕೆ ನೂಕುವುದೂ ಸರಿಯಲ್ಲ, ಗಂಡಸರ ಕೋಣೆಯಲ್ಲಿ ಅವನು ಕುಬಸ ತೊಡುವಾಗ ಸುತ್ತ ನಿಂತು ಮೊಬೈಲ್ ಹಿಡಿಯುವುದೂ ಸರಿಯಲ್ಲ. ಊಟದ ಪಂಕ್ತಿಯಲ್ಲಿ ಬೇಕಾದಲ್ಲಿ ಕೂರಲಿ. ಬಂದೋಬಸ್ತಿಗೆ ಬಂದ ಪೊಲೀಸರಿಗೆ ಮೊದಲೇ ಒಂದು ಮಾತು ತಿಳಿಸಿರಬೇಕು, ಆ ಹಳೆಯ ಕಾಯ್ದೆಯ ನೆನಪು ಲಾಠಿಯಲ್ಲಿ ಇನ್ನೂ ಉಳಿದಿರುವುದುಂಟು. ಮನೆಯವರು ಬಂದು ಜಗಳ ತೆಗೆದರೆ ಅದು ಅವನ ಮತ್ತು ಮನೆಯವರ ನಡುವಿನ ಮಾತು, ಕಮಿಟಿ ಪಂಚಾಯಿತಿ ಕಟ್ಟಬೇಕಿಲ್ಲ. ಅವನು ಯಾರು, ಏನು, ನಾಳೆ ಏನು ಉಡುತ್ತಾನೆ ಎಂದು ಯಾರೂ ಕೇಳದಿರಲಿ. ಕರಪತ್ರ ಅಚ್ಚು ಹಾಕಿಸುವಾಗ ರಾಣಿ ಈಶ್ವರಮ್ಮ ಎಂಬ ಪಾತ್ರದ ಎದುರು ಅವನು ಕೊಟ್ಟ ಹೆಸರನ್ನು ಬರೆಯಬೇಕು. ಪಕ್ಕದಲ್ಲಿ ಕಂಸ ಹಾಕಿ ‘ಪುರುಷ ಕಲಾವಿದ’ ಎಂದು ಸೇರಿಸಬೇಕೇ ಎಂದು ಪ್ರೆಸ್ಸಿನವನು ಕೇಳಿಯೇ ಕೇಳುತ್ತಾನೆ, ಬೇಡ ಎನ್ನಬೇಕು.